ನೀರಲ್ಲಿದ್ದರೆ ಪೆಸ್, ಬುಟ್ಟಿಗೆ ಬಿದ್ದರೆ ಪೆಸ್ಕಾದೋ

ಪ್ರಶ್ನೆ: ಗೋಕರ್ಣದ ಬೀಚ್ ಹತ್ತಿರ ನಮ್ಮದೊಂದು ಸಣ್ಣ ಮೀನೂಟದ ಹೋಟೆಲ್ ಇದೆ. ಸೀಸನ್ನಿನಲ್ಲಿ ಸ್ಪೇನ್, ಅರ್ಜೆಂಟೀನಾ ಕಡೆಯವರೂ ಬರ್ತಾರೆ. ಅವರಿಗೆ ಅನುಕೂಲ ಆಗಲಿ ಅಂತ ಮೊಬೈಲ್ ನೋಡಿ, ಫಿಶ್ ಫ್ರೈ ಅನ್ನೋದಕ್ಕೆ ‘ಪೆಸ್ ಫ್ರೀತೋ’ ಅಂತ ಬೋರ್ಡಿನಲ್ಲಿ ಬರೆಸಿದೆ. ಒಬ್ಬಳು ಓದಿ, ‘ಇನ್ನೂ ಈಜ್ತಾ ಇದೆಯಾ?’ ಅಂತ ನಕ್ಕಳು. ತಪ್ಪೇನು ಸರ್? ಫಿಶಿಂಗ್, ಫಿಶರ್‌ಮನ್, ಫಿಶ್ ಮಾರ್ಕೆಟ್ ಇವಕ್ಕೆಲ್ಲ ಏನಂತಾರೆ?

ಉತ್ತರ: ಇಂಗ್ಲಿಷಿನವರಿಗೆ ರೈಸ್ ಅಂದರೆ ಮುಗೀತು. ನಮಗೆ ಗದ್ದೆಯಲ್ಲಿದ್ದರೆ ಭತ್ತ, ಮಿಲ್ಲಿನಿಂದ ಬಂದರೆ ಅಕ್ಕಿ, ಬೆಂದರೆ ಅನ್ನ. ಯಾರಾದರೂ ಬಂದು ‘ಒಂದು ಪ್ಲೇಟ್ ಅಕ್ಕಿ, ಮೀನು ಸಾರು’ ಅಂದರೆ ನೀವೂ ನಗ್ತೀರಲ್ವಾ? ನಿಮ್ಮ ಬೋರ್ಡ್ ಓದಿದವಳಿಗೆ ಆಗಿದ್ದು ಅದೇ.

ಸ್ಪ್ಯಾನಿಷಿನಲ್ಲಿ ನೀರಲ್ಲಿ ಈಜುವ ಮೀನು ಪೆಸ್. ಅದನ್ನು ಹಿಡಿದು ಮೇಲೆ ತಂದರೆ ಪೆಸ್ಕಾದೋ. ಪೆಸ್ಕಾರ್ ಅಂದರೆ ಮೀನು ಹಿಡಿಯೋದು, ಪೆಸ್ಕಾದೋ ಅಂದರೆ ‘ಹಿಡಿದದ್ದು’, ಅಷ್ಟೇ. ಗಮನಿಸಿ, ಬೇಯಿಸಿದ ಮೇಲೆ ಹೆಸರು ಬದಲಾಗೋದಲ್ಲ, ಬಲೆಗೆ ಬಿದ್ದ ಮೇಲೆ ಬದಲಾಗೋದು, ಹಾಗಾಗಿ ಮಾರ್ಕೆಟ್ಟಿನ ಬುಟ್ಟಿಯಲ್ಲಿ ಮಂಜುಗಡ್ಡೆ ಹಾಕಿಟ್ಟ ಹಸಿ ಬಂಗಡೆಯೂ ಪೆಸ್ಕಾದೋನೇ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದವರು ನೋಡಿ ಬರೋದು ಪೆಸೆಸ್ (ಪೆಸ್‌ನ ಬಹುವಚನ). ಸಂಜೆ ನಿಮ್ಮಲ್ಲಿ ತಿನ್ನೋದು ಪೆಸ್ಕಾದೋ. ಬೋರ್ಡಿನಲ್ಲಿ ‘ಪೆಸ್ಕಾದೋ ಫ್ರೀತೋ’ ಅಂತ ತಿದ್ದಿಸಿ. ಮೀನು ಸಾರಿಗೆ ‘ಕರ್ರಿ ದೆ ಪೆಸ್ಕಾದೋ’ ಸಾಕು.

ಪೆಸ್ ಅಂತ ನಾನು ಬರೆದಿದ್ದು ಲ್ಯಾಟಿನ್ ಅಮೆರಿಕದ ಉಚ್ಚಾರ. ಸ್ಪೇನಿನ ಹೆಚ್ಚಿನ ಕಡೆ ಆ ಕೊನೆಯ ಅಕ್ಷರಕ್ಕೆ ನಾಲಗೆ ತುದಿಯನ್ನು ಹಲ್ಲಿನ ನಡುವೆ ಇಟ್ಟು ಗಾಳಿ ಬಿಡ್ತಾರೆ. ನೀವು ಪೆಸ್ ಅಂದರೂ ಅರ್ಥ ಆಗ್ತದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಲ್ಯಾಟಿನ್ ಅಮೆರಿಕ ಕಡೆಯವರಲ್ಲಿ ಮಾತಿನ ಓಘದಲ್ಲಿ ಈಜುವ ಮೀನಿಗೂ ಪೆಸ್ಕಾದೋ ಅನ್ನುವವರಿದ್ದಾರೆ. ತಟ್ಟೆಯಲ್ಲಿರೋದಕ್ಕೆ ಪೆಸ್ ಅನ್ನೋದು ಮಾತ್ರ ತಮಾಷೆಯಾಗಿಯೇ ಕೇಳಿಸ್ತದೆ. ಒಂದು ಅಪವಾದ ಇದೆ: ಕತ್ತಿಯಂಥ ಮೂತಿಯ ಸ್ವೋರ್ಡ್‌ಫಿಶ್ ಇದೆಯಲ್ಲ, ಅದು ಸತ್ತು, ಸುಟ್ಟು, ನಿಂಬೆಹಣ್ಣಿನ ಜೊತೆ ಟೇಬಲ್ಲಿಗೆ ಬಂದರೂ ‘ಪೆಸ್ ಎಸ್ಪಾದಾ’ನೇ. ಅದರ ಹೆಸರೇ ಹಾಗೆ, ಏನು ಮಾಡೋಕಾಗ್ತದೆ!

ಫಿಶಿಂಗ್ ಅಂದರೆ ಪೆಸ್ಕಾ, ಮೀನುಗಾರ ಪೆಸ್ಕದೋರ್, ಮೀನುಗಾರಿಕೆ ದೋಣಿ ‘ಬಾರ್ಕೋ ಪೆಸ್ಕೇರೋ’. ಹೆಂಗಸರ ವಿಷಯಕ್ಕೆ ಬಂದಾಗ ಸ್ವಲ್ಪ ಹುಷಾರಾಗಿರಿ. ಮೀನು ಹಿಡಿಯುವವಳು ಪೆಸ್ಕದೋರಾ, ಮಾರುವವಳು ಪೆಸ್ಕದೇರಾ. ನಡುವಿನ ಒಂದೇ ಸ್ವರದ ವ್ಯತ್ಯಾಸ, ಕೆಲಸ ಮಾತ್ರ ಪೂರ್ತಿ ಬೇರೆ. ಕಾರವಾರ ಮಾರ್ಕೆಟ್ಟಿನಲ್ಲಿ ಬುಟ್ಟಿ ಮುಂದೆ ಕೂತು, ನೀವು ಕಿವಿರು ಎತ್ತಿ ನೋಡೋ ಮೊದಲೇ ‘ತಾಜಾ ಇದೆ, ತಕೊಳ್ಳಿ’ ಅನ್ನುವ ಅಕ್ಕ ಪೆಸ್ಕದೇರಾ. ಮೀನಿನ ಅಂಗಡಿ ಪೆಸ್ಕದೆರೀಯಾ. ಫಿಶ್ ಮಾರ್ಕೆಟ್ಟಿಗೆ ‘ಮೆರ್ಕಾದೋ ದೆ ಪೆಸ್ಕಾದೋ’ ಅನ್ನಬಹುದು, ಆದರೆ ಬೈತಖೋಲ್ ಬಂದರಿನಲ್ಲಿ ಬೋಟಿನಿಂದ ಇಳಿಸಿದ ಮೀನು ಹರಾಜು ಹಾಕ್ತಾರಲ್ಲ, ಅಂಥ ಜಾಗಕ್ಕೆ ಸ್ಪೇನಿನವರು ಲೋನ್ಹಾ ಅಂತಾರೆ.

ಇಂಗ್ಲಿಷಿನಲ್ಲಿ ಫಿಶ್ ಅಂತ ಬಾಲ ಇದ್ದ ಮಾತ್ರಕ್ಕೆ ಸ್ಪ್ಯಾನಿಷಿನಲ್ಲೂ ಮೀನು ಇರಬೇಕು ಅಂತಿಲ್ಲ. ಜೆಲ್ಲಿಫಿಶ್ ಮೆದೂಸಾ, ಸ್ಟಾರ್‌ಫಿಶ್ ‘ಎಸ್ತ್ರೇಯಾ ದೆ ಮಾರ್’, ಅಂದರೆ ಸಮುದ್ರದ ನಕ್ಷತ್ರ. ಸಿಗಡಿ, ಏಡಿ, ಚಿಪ್ಪಿಕಲ್ಲು ಎಲ್ಲ ಸೇರಿ ಮಾರಿಸ್ಕೋಸ್. ಇವನ್ನು ಮೆನುವಿನಲ್ಲಿ ಪೆಸ್ಕಾದೋ ಕೆಳಗೆ ಹಾಕಬೇಡಿ, ಬೇರೆ ಸಾಲು ಮಾಡಿ. ಚಿಪ್ಪಿನ ಜೀವಿ ತಿಂದರೆ ಅಲರ್ಜಿ ಆಗುವವರು ಮೊದಲು ಹುಡುಕೋದು ಆ ಪದವನ್ನೇ. ಸಿಗಡಿಗೆ ಸ್ಪೇನಿನವರು ಗಾಂಬಾ ಅಂದರೆ ಲ್ಯಾಟಿನ್ ಅಮೆರಿಕ ಕಡೆಯವರು ಕಮರೋನ್ ಅಂತಾರೆ. ನಿಮ್ಮಲ್ಲಿಗೆ ಇಬ್ಬರೂ ಬರ್ತಾರಾದ್ದರಿಂದ ಎರಡೂ ಬರೆಸಿ.

ಪೆಸ್ಕಾರ್‌ಗೆ ಇನ್ನೊಂದು ಮಜವಾದ ಬಳಕೆ ಇದೆ. ನಮಗೆ ಶೀತ ಬಂದು ಹಿಡಿಯುತ್ತದೆ, ಅವರು ತಾವೇ ಹೋಗಿ ಶೀತವನ್ನು ಗಾಳ ಹಾಕಿ ಹಿಡೀತಾರೆ: ‘ಪೆಸ್ಕಾರ್ ಉನ್ ರೆಸ್ಫ್ರಿಯಾದೋ’. ಊರಿನ ದೊಡ್ಡ ಕುಳಕ್ಕೆ ‘ಪೆಸ್ ಗೋರ್ದೋ’, ದಪ್ಪ ಮೀನು ಅಂತಾರೆ. ಬಲೆಗೆ ಬೀಳದವನು ಅಂತಲೋ ಏನೋ, ಅವನು ಪೆಸ್ಕಾದೋ ಆಗೋದೇ ಇಲ್ಲ. ಇನ್ನು ಏನೋ ಮಸಲತ್ತು ನಡೀತಿದೆ ಅನ್ನಿಸಿದಾಗ ಇಂಗ್ಲಿಷಿನವರು ‘ಫಿಶೀ’ ಅಂತಾರಲ್ಲ, ಅದನ್ನು ಮಾತ್ರ ಮೀನು ಹಾಕಿ ಅನುವಾದ ಮಾಡಲೇಬೇಡಿ. ಸ್ಪ್ಯಾನಿಷಿನಲ್ಲಿ ಅಲ್ಲಿರೋದು ಮೀನಲ್ಲ, ಬೆಕ್ಕು: ‘ಆಕಿ ಆಯ್ ಗಾತೋ ಎನ್ಸೆರ್ರಾದೋ’, ಇಲ್ಲೊಂದು ಬೆಕ್ಕು ಕೂಡಿಹಾಕಿದ್ದಾರೆ ಅಂತ.