ಕನ್ನಡ ಧ್ವನಿಯಿಂದ ಪಾರ್ಕಿನ್ಸನ್ ಪತ್ತೆ: ಸಿಎನ್‌ಎನ್‌ಗೆ ಹೋಗಲೋ, ಎಸ್‌ವಿಎಂ ಸಾಕೋ?

ಮೂವತ್ತು ಜನ ಪಾರ್ಕಿನ್ಸನ್ ರೋಗಿಗಳು, ಮೂವತ್ತು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ತಲಾ ಐವತ್ತು ಪದ, ಒಟ್ಟು 3000 ಫೈಲು, 97 ಪರ್ಸೆಂಟ್ ಅಕ್ಯುರೆಸಿ. ಧ್ವನಿಯಿಂದ ರೋಗ ಹೇಳುವ ನಿಮ್ಮ ಎಸ್‌ವಿಎಂ (ಅಳತೆಗಳ ಪಟ್ಟಿ ನೋಡಿ ಎರಡು ಗುಂಪು ಬೇರ್ಪಡಿಸುವ ಸರಳ ಮಾಡೆಲ್) ಕೊಟ್ಟದ್ದು ಇಷ್ಟು. ಇನ್ನು ಸಿಎನ್‌ಎನ್‌ಗೆ (ಅದಕ್ಕಿಂತ ದೊಡ್ಡ ನ್ಯೂರಲ್ ನೆಟ್‌ವರ್ಕ್ ಮಾಡೆಲ್) ಹೋಗಲೋ, ಎಸ್‌ವಿಎಂನಲ್ಲೇ ಪೇಪರ್ ಬರೆಯಲೋ, ಅಂಥ ಮಾಡೆಲ್ ಬೇಗ ಓಡಿಸುವ ಜಿಪಿಯು ಚಿಪ್ ಇರುವ ಲ್ಯಾಪ್‌ಟಾಪ್ ಕೊಳ್ಳಲೋ ಅಂತ ಕೇಳಿದ್ದೀರಿ. ಮಂಡ್ಯದಲ್ಲಿ ಬಿಇ, ಮೈಸೂರಿನಲ್ಲಿ ಪಿಎಚ್‌ಡಿ ಅನ್ನೋದನ್ನೂ ಸೇರಿಸಿಕೊಂಡರೆ ಇದು ಹೆಚ್ಚುಕಮ್ಮಿ ನನ್ನದೇ ಹಳೇ ಸಿನಾಪ್ಸಿಸ್. ಮಾಡೆಲ್ ವಿಷಯ ಸದ್ಯಕ್ಕೆ ಬಿಡಿ. ಆ 97ಕ್ಕೂ ರೋಗಕ್ಕೂ ಸಂಬಂಧ ಇದೆಯೋ ಇಲ್ಲವೋ ಅನ್ನೋದೇ ಇನ್ನೂ ಗೊತ್ತಿಲ್ಲ.

ನಮ್ಮ ತಂಡದ ಅಂಕಿಯೂ ತೊಂಬತ್ತರ ಮೇಲೇ ಇತ್ತು. ರೋಗಿಗಳದ್ದನ್ನು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ, ಫ್ಯಾನ್ ಕೆಳಗೆ, ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಆರೋಗ್ಯವಂತರದ್ದನ್ನು ಕಾಲೇಜು ಲ್ಯಾಬಿನಲ್ಲಿ, ಬಾಗಿಲು ಮುಚ್ಚಿ, ಮೈಕ್ ಹಾಕಿ. ಆಮೇಲೆ ಅದೇ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗೆ ಬಂದವರ ಧ್ವನಿಯನ್ನು ಅದೇ ಫೋನಿನಲ್ಲಿ ಹಿಡಿದು ಕೊಟ್ಟಾಗ, ಗಟ್ಟಿಮುಟ್ಟಾಗಿದ್ದವರಿಗೂ ಮಾಡೆಲ್ ಪಾರ್ಕಿನ್ಸನ್ ಅಂದಿತು. ಒಂದು ಅಧ್ಯಾಯ ಪೂರ್ತಿ ಹೋಯಿತು, ಎಥಿಕ್ಸ್ ಕಮಿಟಿಗೆ ಹೊಸ ಪ್ರೋಟೋಕಾಲ್ ಹೋಯಿತು. ಕಥೆ ಇಷ್ಟೇ. ಯಾಕೆ ಹಾಗಾಯಿತು ಅನ್ನೋದನ್ನು ಮಾತ್ರ ಸ್ವಲ್ಪ ಉದ್ದಕ್ಕೇ ಹೇಳಬೇಕು.

ಎರಡು ಗುಂಪುಗಳ ನಡುವೆ ಹತ್ತು ವ್ಯತ್ಯಾಸ ಇದ್ದರೆ ಮಾಡೆಲ್ ಹುಡುಕುವುದು ರೋಗವನ್ನಲ್ಲ, ಆ ಹತ್ತರಲ್ಲಿ ಯಾವುದು ಸುಲಭವೋ ಅದನ್ನು. ಕೋಣೆಯಿಂದಲೇ ಶುರು ಮಾಡಿ. ಫ್ಯಾನಿನ ಗಾಳಿಸದ್ದು, ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ, ಅದರ 100, 150ರ ಮರಿಗಳು, ಬರೀ ಗೋಡೆಯ ಪ್ರತಿಧ್ವನಿ, ಇವೆಲ್ಲ ಪ್ರತಿ ಫೈಲಿನಲ್ಲೂ ಮೊದಲಿಂದ ಕೊನೆಯವರೆಗೆ ಇರುತ್ತವೆ. ನೀವು ಎಂಎಫ್‌ಸಿಸಿಯ (ಧ್ವನಿಯ ಸ್ವರೂಪ ಹೇಳುವ ಅಂಕಿಗಳು) ಸರಾಸರಿ ತೆಗೆದು ಫೀಚರ್ (ಮಾಡೆಲ್‌ಗೆ ಕೊಡುವ ಅಳತೆ) ಮಾಡಿದ್ದೀರಿ. ಮೈಕು ಮತ್ತು ಕೋಣೆಯ ಗುರುತು ಕೂರುವುದು ಸರಿಯಾಗಿ ಆ ಸರಾಸರಿಯಲ್ಲೇ. ಸ್ಪೀಚ್ ರೆಕಗ್ನಿಷನ್ ಮಾಡುವವರು ಅದಕ್ಕೇ ಆ ಸರಾಸರಿಯನ್ನು ಮೊದಲೇ ಕಳೆದುಬಿಡುತ್ತಾರೆ.

ಇನ್ನು ಫೋನು. ಫೋನು ತಾನಾಗಿಯೇ ಸಣ್ಣ ಧ್ವನಿಯನ್ನು ಎತ್ತುತ್ತದೆ, ದೊಡ್ಡದನ್ನು ಇಳಿಸುತ್ತದೆ, ಗದ್ದಲ ಅಂತ ಅನಿಸಿದ್ದನ್ನು ಒರೆಸುತ್ತದೆ. ಪಾರ್ಕಿನ್ಸನ್‌ನಲ್ಲಿ ಧ್ವನಿ ಕುಗ್ಗುವುದು, ಏರಿಳಿತ ಸಪಾಟಾಗುವುದು ಮುಖ್ಯ ಲಕ್ಷಣಗಳು. ಅಂದರೆ ನೀವು ಅಳೆಯಬೇಕಾದದ್ದನ್ನೇ ಫೋನು ಬದಲಾಯಿಸಿ ಕೊಡುತ್ತಿದೆ. ಮೇಲಿಂದ ಅದು ಎಎಸಿ, ಓಪಸ್‌ನಂಥ, ಸ್ವಲ್ಪ ಧ್ವನಿ ಬಿಟ್ಟು ಫೈಲು ಚಿಕ್ಕದು ಮಾಡುವ ಬಗೆಯಲ್ಲಿ ಅದುಮಿ ಇಡುತ್ತದೆ. ಆಮೇಲೆ ಡಬ್ಲ್ಯುಎವಿಗೆ (ಅದುಮದೆ ಇಡುವ ಫೈಲು) ಬದಲಾಯಿಸಿದರೂ ಹೋದದ್ದು ಬರುವುದಿಲ್ಲ. ಧ್ವನಿ ಅಳೆಯುವ ಪ್ರಾಟ್ ಸಾಫ್ಟ್‌ವೇರಿನಲ್ಲಿ ಫೈಲು ತೆರೆದು ಸ್ಪೆಕ್ಟ್ರೋಗ್ರಾಮ್‌ನ (ಯಾವ ಹೊತ್ತಿಗೆ ಯಾವ ಕಂಪನಾಂಕ ಅಂತ ತೋರಿಸುವ ಚಿತ್ರ) ಮೇಲಿನ ಮಿತಿಯನ್ನು 22050 ಹರ್ಟ್ಸ್‌ಗೆ ಇಟ್ಟು ನೋಡಿ. ರೋಗಿಗಳ ಫೈಲುಗಳಲ್ಲಿ ಒಂದು ಎತ್ತರದ ಮೇಲೆ ಸ್ಕೇಲ್ ಇಟ್ಟು ಕತ್ತರಿಸಿದ ಹಾಗೆ ಖಾಲಿ ಇದ್ದು, ವಿದ್ಯಾರ್ಥಿಗಳ ಫೈಲುಗಳಲ್ಲಿ ಇಲ್ಲದಿದ್ದರೆ, ಮಾಡೆಲ್‌ಗೆ ಆ ಗೆರೆಯೊಂದೇ ಸಾಕು.

ವಯಸ್ಸಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಪ್ಪತ್ತರ ಗಂಟಲು, ಅರವತ್ತೈದರ ಗಂಟಲು ಒಂದೇ ಅಲ್ಲ, ರೋಗ ಇರಲಿ ಬಿಡಲಿ. ಹಲ್ಲಿನ ಸೆಟ್ಟು, ಕಿವಿ ಮಂದ, ಎಲ್ಲವೂ ಅದರೊಳಗೇ ಬಂತು.

ಎಂಜಿನಿಯರಿಂಗ್‌ನವರು ನೋಡದೇ ಬಿಡುವುದು ಮಾತಿನ ಬಗೆಯನ್ನು. ನಿಮ್ಮ ರೋಗಿಗಳು ಮದ್ದೂರು, ಮಳವಳ್ಳಿ, ನಾಗಮಂಗಲ ಕಡೆಯ ಹಿರಿಯರು. ನಿಮ್ಮ ವಿದ್ಯಾರ್ಥಿಗಳು ಮೈಸೂರಿನಲ್ಲಿ ಓದಿದ ಹುಡುಗರು. ಮಂಡ್ಯ ಸೀಮೆಯಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುತ್ತದೆ: ಹಾಲು ಆಲಾಗುತ್ತದೆ, ಹಕ್ಕಿಯೂ ಅಕ್ಕಿಯೂ ಒಂದೇ ಆಗುತ್ತವೆ. ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ಶಕಾರ ಸಕಾರವಾಗುತ್ತದೆ, ‘ಬರ್ತೀನಿ’ ಅನ್ನೋದು ‘ಬತ್ತೀನಿ’ ಆಗುತ್ತದೆ. ನಿಮ್ಮ ಐವತ್ತು ಪದಗಳ ಪಟ್ಟಿಯಲ್ಲಿ ಹ, ಖ, ಧ, ಶ ಇರುವ ಪದ ಹತ್ತಿದ್ದರೂ ಮಾಡೆಲ್ ಕಲಿಯುವುದು ‘ಹಕಾರ ಇಲ್ಲ, ಆದ್ದರಿಂದ ರೋಗ’ ಅಂತ. ಇದು ಯಂತ್ರದ ತಪ್ಪು ಮಾತ್ರ ಅಂದುಕೊಳ್ಳಬೇಡಿ. ಬೇರೆ ಸೀಮೆಯ ಕಿವಿಯವರು ಕೇಳಿ ಉಚ್ಚಾರ ಸರಿ, ತಪ್ಪು ಅಂತ ಲೇಬಲ್ ಹಾಕಿದರೆ ಅವರೂ ಅದನ್ನು ಉಚ್ಚಾರದ ದೋಷ ಅಂತ ಗುರುತು ಹಾಕಿಬಿಡುತ್ತಾರೆ.

ಓದು ಬರಹದ್ದು ಇನ್ನೊಂದು ಕೊಂಡಿ. ವಿದ್ಯಾರ್ಥಿಗಳು ಪಟ್ಟಿ ನೋಡಿ ಓದಿರುತ್ತಾರೆ, ಓದಲು ಬಾರದ ಅಜ್ಜ ಅಜ್ಜಿಯರಿಗೆ ನೀವು ಹೇಳಿಕೊಟ್ಟು ಹೇಳಿಸಿರುತ್ತೀರಿ. ಹೇಳಿಕೊಟ್ಟಾಗ ಅವರು ನಿಮ್ಮ ವೇಗ, ನಿಮ್ಮ ಶ್ರುತಿಯನ್ನೇ ಅನುಸರಿಸುತ್ತಾರೆ. ಎರಡು ಬೇರೆ ಕೆಲಸಗಳನ್ನು ಒಂದೇ ಹೆಸರಿನ ಕೆಳಗೆ ಅಳೆದ ಹಾಗಾಯಿತು.

ಇವತ್ತೇ ಮಾಡಬಹುದಾದ ಪರೀಕ್ಷೆ ಒಂದಿದೆ. ಪ್ರತಿ ಫೈಲಿನಲ್ಲಿ ಮಾತು ಶುರುವಾಗುವ ಮುಂಚಿನ ಮೌನವನ್ನು 0.3 ಸೆಕೆಂಡಿನಷ್ಟು, ಎಲ್ಲದರಲ್ಲೂ ಒಂದೇ ಅಳತೆಗೆ ಕತ್ತರಿಸಿ ತೆಗೆಯಿರಿ. ಬರೀ ಆ ಮೌನದ ಮೇಲೆ ಅದೇ ಎಸ್‌ವಿಎಂ ಓಡಿಸಿ. ಮಾತೇ ಇಲ್ಲದ ತುಣುಕಿನಲ್ಲಿ ರೋಗ ಇರುವುದಿಲ್ಲ, ಹಾಗಾಗಿ ಐವತ್ತರ ಆಸುಪಾಸು ಬರಬೇಕು. ಎಂಬತ್ತು ತೊಂಬತ್ತು ಬಂದರೆ ನೀವು ಕಟ್ಟಿರುವುದು ಕೋಣೆ ಪತ್ತೆ ಮಾಡುವ ಯಂತ್ರ. ಇದು ನಮ್ಮೂರಿನ ಸಮಸ್ಯೆ ಮಾತ್ರವಲ್ಲ. ನರಗಳ ತೊಂದರೆಯಿಂದ ಮಾತು ಅಸ್ಪಷ್ಟವಾದವರ ಧ್ವನಿ ಇರುವ, ಇಂಗ್ಲಿಷಿನ ಯುಎ-ಸ್ಪೀಚ್, ಟೋರ್ಗೋ ಎಂಬ ಹೆಸರಾಂತ ಡೇಟಾಗಳಲ್ಲೂ ಮಾತಿಲ್ಲದ ಭಾಗಗಳಿಂದಲೇ ರೋಗಿ ಯಾರು, ಅಲ್ಲದವರು ಯಾರು ಅಂತ ಬೇರ್ಪಡಿಸಬಹುದು ಎಂದು ತೋರಿಸಿದ್ದಾರೆ.

ಈಗ ಲೆಕ್ಕ. ನಿಮ್ಮ ಹತ್ತಿರ ಇರುವುದು 3000 ಅಲ್ಲ, 60. ಒಂದೇ ಕೊಪ್ಪರಿಗೆಯ ಬೆಲ್ಲವನ್ನು ಐವತ್ತು ಸಲ ನೆಕ್ಕಿ ನೋಡಿ ಐವತ್ತು ಆಲೆಮನೆ ಸುತ್ತಿ ಬಂದೆ ಅನ್ನೋಕಾಗಲ್ಲ. ಸೂತ್ರ ಬೇಕಿದ್ದರೆ: ಒಟ್ಟು ಫೈಲುಗಳನ್ನು 1 + (ಒಬ್ಬರ ಫೈಲು − 1) × ಒಬ್ಬರದೇ ಫೈಲುಗಳ ನಡುವಿನ ಹೋಲಿಕೆ ಎಂಬುದರಿಂದ ಭಾಗಿಸಿ. ಹೋಲಿಕೆ (ಸೊನ್ನೆ ಅಂದರೆ ಏನೂ ಇಲ್ಲ, ಒಂದು ಅಂದರೆ ಪೂರ್ತಿ) 0.8 ಅಂತ ಇಟ್ಟುಕೊಂಡರೆ 1 + 49 × 0.8 = 40.2; 3000 ಅನ್ನು ಅದರಿಂದ ಭಾಗಿಸಿದರೆ ಸುಮಾರು 75. ಅಂದರೆ 3000 ಫೈಲಿನ ಬೆಲೆ ಒಂದಕ್ಕೊಂದು ಸಂಬಂಧವಿಲ್ಲದ 75 ಫೈಲಿನಷ್ಟೇ. ರೋಗ ಇದೆ, ಇಲ್ಲ ಅನ್ನುವ ಲೇಬಲ್ ಫೈಲಿನದ್ದಲ್ಲ, ಮನುಷ್ಯರದ್ದು. ಆದ್ದರಿಂದ 60 ಅಂತಲೇ ಲೆಕ್ಕ ಇಡಿ. 60 ಜನರಲ್ಲಿ 54 ಜನರನ್ನು ಸರಿಯಾಗಿ ಹೇಳಿದರೆ ಅದು 90 ಪರ್ಸೆಂಟ್. ಆದರೆ ಅದರ 95 ಪರ್ಸೆಂಟ್ ವಿಶ್ವಾಸಾಂತರ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) ಸುಮಾರು 80ರಿಂದ 95ರವರೆಗೆ. ಇಷ್ಟು ಅಗಲದೊಳಗೆ ಸಿಎನ್‌ಎನ್ ಮೇಲೋ ಎಸ್‌ವಿಎಂ ಮೇಲೋ ಅಂತ ತೀರ್ಮಾನಿಸಲು ಹೊರಟರೆ ನಾಣ್ಯ ಚಿಮ್ಮುವುದೇ ವಾಸಿ.

ರ‍್ಯಾಂಡಮ್ ಆಗಿ ಫೈಲು ಹಂಚಿದ್ದರೆ ಒಬ್ಬರದೇ ಐವತ್ತು ಪದಗಳಲ್ಲಿ ನಲವತ್ತು ಮಾಡೆಲ್‌ಗೆ ಕಲಿಸುವ ಟ್ರೇನಿಂಗ್‌ಗೆ, ಹತ್ತು ಅದನ್ನು ಪರೀಕ್ಷಿಸುವ ಟೆಸ್ಟಿಗೆ ಬಿದ್ದಿರುತ್ತವೆ. ಮಾಡೆಲ್ ಆಗ ಆಳನ್ನು ಗುರುತು ಹಿಡಿಯುತ್ತದೆ, ರೋಗವನ್ನಲ್ಲ. ಯುಸಿಐ ಎಂಬ ಸಾರ್ವಜನಿಕ ಡೇಟಾ ಭಂಡಾರದಲ್ಲಿ ಎಲ್ಲರೂ ಇಳಿಸಿಕೊಳ್ಳುವ ಪಾರ್ಕಿನ್ಸನ್ ಡೇಟಾ ನೋಡಿ: 31 ಜನ, ಅವರಲ್ಲಿ 23 ರೋಗಿಗಳು, 195 ರೆಕಾರ್ಡಿಂಗ್, ತಲೆಗೆ ಆರರಂತೆ. ಅದರಲ್ಲಿ 147 ರೋಗಿಗಳದ್ದೇ. ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ ‘ರೋಗ’ ಅಂದರೂ 75 ಪರ್ಸೆಂಟ್ ಬಂತು. ಯಾರ ಧ್ವನಿ ಅಂತ ನೋಡದೆ ಸಾಲು ಸಾಲಾಗಿ ಹಂಚಿ 98, 99 ತೋರಿಸುವ ಪ್ರಾಜೆಕ್ಟ್ ರಿಪೋರ್ಟುಗಳನ್ನು ನೋಡಿ ಮರುಳಾಗಬೇಡಿ. ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಗ್ರೂಪ್‌ಕೆಫೋಲ್ಡ್ ಇದೆ, ಒಬ್ಬರ ಫೈಲುಗಳನ್ನೆಲ್ಲ ಒಂದೇ ಪಾಲಿನಲ್ಲಿ (ಫೋಲ್ಡ್) ಇಡುತ್ತದೆ, ಗ್ರೂಪ್ಸ್ ಅನ್ನುವ ಜಾಗದಲ್ಲಿ ವ್ಯಕ್ತಿಯ ಸಂಖ್ಯೆ ಕೊಡಿ. ಸ್ಕೇಲಿಂಗ್, ಫೀಚರ್ ಆಯ್ಕೆ ಎರಡನ್ನೂ ಪ್ರತಿ ಫೋಲ್ಡಿನ ಟ್ರೇನಿಂಗ್ ಭಾಗದೊಳಗೇ ಮಾಡಿ. ಎಲ್ಲಾ 3000ದ ಮೇಲೆ ಮೊದಲೇ ಫೀಚರ್ ಆರಿಸಿಕೊಂಡು ಆಮೇಲೆ ಹಂಚಿದರೆ ಗ್ರೂಪ್‌ಕೆಫೋಲ್ಡ್ ಹಾಕಿಯೂ ಪ್ರಯೋಜನ ಇಲ್ಲ.

ಹೊಸದಾಗಿ ರೆಕಾರ್ಡ್ ಮಾಡುವುದಾದರೆ ವಿದ್ಯಾರ್ಥಿಗಳನ್ನು ಮುಟ್ಟಬೇಡಿ. ರೋಗಿಯ ಜೊತೆಗೆ ಬಂದವರನ್ನು ಕೇಳಿ. ಒಡಹುಟ್ಟಿದವರು ಬಂದಿದ್ದರೆ ಅದಕ್ಕಿಂತ ಒಳ್ಳೇದಿಲ್ಲ: ಅದೇ ಊರು, ಅದೇ ಮಾತು, ಹತ್ತಿರದ ವಯಸ್ಸು. ಗಂಡ ಅಥವಾ ಹೆಂಡತಿಯಾದರೂ ಸರಿ, ಆದರೆ ರೋಗಿಗಳಲ್ಲಿ ಗಂಡಸರು ಹೆಚ್ಚಾದರೆ ಜೊತೆಯವರಲ್ಲಿ ಹೆಂಗಸರು ಹೆಚ್ಚಾಗುತ್ತಾರೆ, ಲೆಕ್ಕ ನೋಡಿಕೊಳ್ಳಿ. ಮಗ ಸೊಸೆ ಬಂದಿದ್ದರೆ ಕಾಫಿ ಕೊಟ್ಟು ಕಳಿಸಿ, ವಯಸ್ಸಿನ ಅಂತರ ಐದು ವರ್ಷ ದಾಟಬಾರದು. ಅದೇ ಕೋಣೆ, ಅದೇ ಮೈಕು, ಅದೇ ಬೆಳಗ್ಗೆ, ಒಬ್ಬ ರೋಗಿ ಆದಮೇಲೆ ಒಬ್ಬ ಜೊತೆಗಾರ. ಭಾರತೀಯ ಭಾಷಾ ಸಂಸ್ಥಾನದ ಎಲ್‌ಡಿಸಿ-ಐಎಲ್ ಕನ್ನಡ ಧ್ವನಿ ಸಂಗ್ರಹವನ್ನು ಕಂಟ್ರೋಲ್ ಗುಂಪು (ಹೋಲಿಸಿ ನೋಡಲು ಆರೋಗ್ಯವಂತರ ಗುಂಪು) ಮಾಡಿಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಸಂಗ್ರಹ ಬೇರೆ ಕೆಲಸಕ್ಕೆ ಚೆನ್ನಾಗಿದೆ, ಆದರೆ ಮೈಕು ಬೇರೆ, ಕೋಣೆ ಬೇರೆ. ಬಿಟ್ಟ ಗುಂಡಿಗೇ ಮತ್ತೆ ಬೀಳುತ್ತೀರಿ.

ತಲೆಗೆ ಸಿಕ್ಕಿಸುವ ಮೈಕು ತಗೊಳ್ಳಿ. ಬಾಯಿಂದ 4ರಿಂದ 10 ಸೆಂಟಿಮೀಟರ್ ಒಳಗೆ ಒಂದು ದೂರ ನಿಗದಿ ಮಾಡಿ, ಉಸಿರು ನೇರ ಬಡಿಯದಂತೆ 45 ಡಿಗ್ರಿ ಪಕ್ಕಕ್ಕೆ ಇಟ್ಟು, ಪ್ರತಿಯೊಬ್ಬರಿಗೂ ಸ್ಕೇಲ್ ಹಿಡಿದು ನೋಡಿ. 5 ಸೆಂಟಿಮೀಟರ್ ಇದ್ದದ್ದು 10 ಆದರೆ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ರೋಗದಿಂದ ಧ್ವನಿ ಇಳಿಯುವುದೇ ಕೆಲವು ಡೆಸಿಬೆಲ್, ಅದು ಈ ಏರುಪೇರಿನಲ್ಲೇ ಮುಳುಗಿಹೋಗುತ್ತದೆ. 44.1 ಕಿಲೋಹರ್ಟ್ಸ್, 16 ಬಿಟ್, ನೇರ ಡಬ್ಲ್ಯುಎವಿ. ಗೇನ್ (ಧ್ವನಿಯನ್ನು ಎಷ್ಟು ಎತ್ತಬೇಕು ಅನ್ನುವ ತಿರುಪು) ಒಮ್ಮೆ ಹೊಂದಿಸಿದ ಮೇಲೆ ಯಾರಿಗಾಗಿಯೂ ಬದಲಾಯಿಸಬೇಡಿ. ಪ್ರತಿಯೊಬ್ಬರಿಗೂ ಮೊದಲು ಐದು ಸೆಕೆಂಡು ಖಾಲಿ ಕೋಣೆಯ ಸದ್ದು ಹಿಡಿಯಿರಿ, ಮೇಲೆ ಹೇಳಿದ ಮೌನದ ಪರೀಕ್ಷೆಗೆ ಬೇಕು. ಮಾತಿನ ಮಟ್ಟ ಕೋಣೆಯ ಸದ್ದಿಗಿಂತ 30 ಡೆಸಿಬೆಲ್ ಮೇಲೆ ಇಲ್ಲದಿದ್ದರೆ ಜಿಟ್ಟರ್, ಶಿಮ್ಮರ್ (ಕಂಪನದಿಂದ ಕಂಪನಕ್ಕೆ ಶ್ರುತಿ ಮತ್ತು ಜೋರಿನಲ್ಲಿ ಆಗುವ ಸಣ್ಣ ಅಲುಗಾಟ) ಅಂಕಿ ನಂಬಬೇಡಿ. ಫ್ಯಾನ್ ಆರಿಸಿ, ಬೇಸಿಗೆಯಲ್ಲಿ ಒಬ್ಬೊಬ್ಬರ ನಡುವೆ ಹಾಕಿಕೊಳ್ಳಿ.

ಹೇಳಿಸುವುದು ಕಡಿಮೆ ಇರಲಿ. ‘ಆ’ ಅಂತ ಐದು ಸೆಕೆಂಡಿಗಿಂತ ಹೆಚ್ಚು, ಮೂರು ಸಲ. ಶುರು, ಕೊನೆ ಬಿಟ್ಟು ನಡುವಿನ ಮೂರು ಸೆಕೆಂಡು ಅಳೆಯಿರಿ. ‘ಪತಕ ಪತಕ’ ವೇಗವಾಗಿ. ಆರೋಗ್ಯವಂತ ವಯಸ್ಕರಲ್ಲಿ ಸೆಕೆಂಡಿಗೆ ಐದರಿಂದ ಏಳು ಅಕ್ಷರ ಬರುತ್ತದೆ. ಇಂಗ್ಲಿಷ್ ಪುಸ್ತಕದ ಪ್ರಕಾರ ಕೆಲವರು ‘ಪಟಕ’ ಹೇಳಿಸುತ್ತಾರೆ, ಟ ತ ಎರಡಕ್ಕೆ ನಾಲಿಗೆಯ ಜಾಗ ಬೇರೆ, ಒಂದನ್ನು ಹಿಡಿದು ಕೊನೆತನಕ ಬಿಡಬೇಡಿ. ಕತೆ–ಕತ್ತೆ, ಬಳೆ–ಬಾಳೆ ತರಹದ ಜೋಡಿಗಳನ್ನು ಚಿತ್ರ ತೋರಿಸಿ ಹೇಳಿಸಬಹುದು, ಹಕಾರ ಮಹಾಪ್ರಾಣಗಳ ಗೋಜಿಲ್ಲ. ಅಲ್ಲಿ ಮಿಲಿಸೆಕೆಂಡು ಅಳೆಯುವುದಕ್ಕಿಂತ ಅನುಪಾತ ನೋಡಿ: ನಿಧಾನವಾಗಿ ಮಾತಾಡುವವರಲ್ಲಿ ತ, ತ್ತ ಎರಡೂ ಉದ್ದವಾಗುತ್ತವೆ, ಅವುಗಳ ನಡುವಿನ ಅಂತರ ಉಳಿದಿದೆಯಾ ಅನ್ನೋದು ಪ್ರಶ್ನೆ. ಕಡೆಗೆ ಒಂದೆರಡು ನಿಮಿಷ ಗದ್ದೆಯದ್ದೋ ಹಬ್ಬದ್ದೋ ಮಾತು.

ಉಚ್ಚಾರ ಸರಿಯೋ ತಪ್ಪೋ ಅಂತ ಲೇಬಲ್ ಹಾಕಲು ಇಬ್ಬರು ಬೇಕು, ಒಬ್ಬರಾದರೂ ಮಂಡ್ಯ ಮಾತಿನವರಾಗಿರಲಿ, ಯಾರು ರೋಗಿ ಅಂತ ಇಬ್ಬರಿಗೂ ತಿಳಿಯಬಾರದು. ಇಬ್ಬರಿಗೂ 90 ಪರ್ಸೆಂಟ್ ಒಮ್ಮತ ಇದೆ ಅಂತ ಹಿಗ್ಗಬೇಡಿ. ಇಬ್ಬರೂ ನೂರಕ್ಕೆ ತೊಂಬತ್ತು ಪದಗಳಿಗೆ ‘ಸರಿ’ ಹಾಕುವವರಾದರೆ ಸುಮ್ಮನೆ ಹಾಕಿದರೂ 82 ಹೊಂದುತ್ತದೆ. ಆಕಸ್ಮಿಕ ಒಮ್ಮತ ಕಳೆದು ಅಳೆಯುವ ಕಾಪ್ಪಾ ತೆಗೆದರೆ, 1ಕ್ಕೆ ಬರೀ 0.44.

ನಿಮ್ಮ ಪ್ರಶ್ನೆಯ ಬುಡದಲ್ಲೇ ನನಗೆ ತಕರಾರಿದೆ. ರೋಗಿಯೋ ಆರೋಗ್ಯವಂತರೋ ಅಂತ ಯಾವ ನರರೋಗ ತಜ್ಞರೂ ನಿಮ್ಮನ್ನು ಕೇಳುತ್ತಿಲ್ಲ. ಅವರು ಕೈ ನೋಡಿ, ನಡಿಗೆ ನೋಡಿ ಹೇಳುತ್ತಾರೆ, ಅವರ ತಲೆನೋವು ಪಾರ್ಕಿನ್ಸನ್ ಹಾಗೆ ಕಾಣುವ ಬೇರೆ ಕಾಯಿಲೆಗಳದ್ದು. ಊರೂರಿಗೆ ಹೋಗಿ ಸ್ಕ್ರೀನಿಂಗ್ ಮಾಡುತ್ತೇನೆ ಅಂದರೆ ಲೆಕ್ಕ ಹಾಕಿ: ಸಾವಿರ ಹಿರಿಯರಲ್ಲಿ ಹತ್ತು ಜನರಿಗೆ ಕಾಯಿಲೆ ಇದೆ ಅಂತಿಟ್ಟುಕೊಳ್ಳಿ, ಯಂತ್ರ ಎರಡೂ ಕಡೆ 90 ಪರ್ಸೆಂಟ್ ಸರಿ. ಹತ್ತರಲ್ಲಿ ಒಂಬತ್ತು ಸಿಗುತ್ತಾರೆ, ಜೊತೆಗೆ ಕಾಯಿಲೆ ಇಲ್ಲದ 99 ಜನ. ಹನ್ನೆರಡು ಜನರನ್ನು ಹೆದರಿಸಿದರೆ ಒಬ್ಬರು ನಿಜವಾದ ರೋಗಿ.

ಬದಲಿಗೆ ಒಬ್ಬರನ್ನು ಅವರ ಜೊತೆಗೇ ಹೋಲಿಸಿ. ಮಾತ್ರೆ ತಗೊಳ್ಳುವ ಹೊತ್ತಿಗೆ ಸ್ವಲ್ಪ ಮುಂಚೆ ಒಂದು ರೆಕಾರ್ಡಿಂಗ್, ಮಾತ್ರೆ ಕೆಲಸ ಮಾಡುವಾಗ ಒಂದು. ಕೊನೆಯ ಮಾತ್ರೆಯ ಸಮಯ ಬರೆದಿಡಿ. ಪ್ರಯೋಗಕ್ಕೆ ಅಂತ ಯಾರ ಮಾತ್ರೆಯನ್ನೂ ತಡ ಮಾಡಿಸಬೇಡಿ, ಅವರ ಮಾಮೂಲು ಹೊತ್ತಿಗೆ ನೀವು ಹೊಂದಿಕೊಳ್ಳಿ. ಆಗ ವಯಸ್ಸು, ಊರು, ಹಕಾರ, ಹಲ್ಲಿನ ಸೆಟ್ಟು ಎಲ್ಲವೂ ಎರಡೂ ಕಡೆ ಒಂದೇ ಇರುತ್ತವೆ, ಕೋಣೆ ಮೈಕುಗಳನ್ನು ಮಾತ್ರ ನೀವು ಕಾಯ್ದುಕೊಂಡರೆ ಸಾಕು. ಪಾರ್ಕಿನ್ಸನ್‌ನ ಮುಖ್ಯ ಔಷಧ ಲೆವೊಡೋಪ ಕೈಕಾಲಿನ ಚಲನೆಗೆ ಸಹಾಯ ಮಾಡಿದಷ್ಟು ಮಾತಿಗೆ ಮಾಡುವುದಿಲ್ಲ, ಫಲಿತಾಂಶಗಳು ಒಂದೊಂದು ಕಡೆ ಒಂದೊಂದು ಥರ ಬಂದಿವೆ. ಆದ್ದರಿಂದ ವ್ಯತ್ಯಾಸ ಕಾಣದಿದ್ದರೂ ಬರೆಯುವಂಥದ್ದೇ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿನವರೊಬ್ಬರನ್ನು ಕೋ-ಗೈಡ್ ಮಾಡಿಕೊಳ್ಳಲು ಈಗಲೇ ಕೇಳಿ, ರೆಕಾರ್ಡಿಂಗ್ ಮುಗಿದ ಮೇಲಲ್ಲ.

ಲ್ಯಾಪ್‌ಟಾಪ್ ಬೇಡ. ಅರವತ್ತು ಜನರ ಫೀಚರ್ ಟೇಬಲ್ ಎಂಥ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ, ಪ್ರಾಟ್ ಪುಕ್ಕಟೆ. ಆ ದುಡ್ಡಿನಲ್ಲಿ ಮೈಕು, ಒಂದು ಆಡಿಯೋ ಇಂಟರ್‌ಫೇಸ್, ಸೌಂಡ್ ಲೆವೆಲ್ ಮೀಟರ್ ತಗೊಂಡು, ಉಳಿದದ್ದನ್ನು ಹಳ್ಳಿಯಿಂದ ಬರುವವರ ಬಸ್ಸಿಗೂ ಊಟಕ್ಕೂ ಇಟ್ಟುಕೊಳ್ಳಿ.