ಪುಲಿಟ್ಜರ್ ಕಥಾಸಾಹಿತ್ಯ ಪ್ರಶಸ್ತಿಯಲ್ಲಿ ಕೊನೆಯ ಮಾತು ಯಾರದು?

ಅಮೆರಿಕದ ಪುಲಿಟ್ಜರ್ ಕಥಾಸಾಹಿತ್ಯ ಪ್ರಶಸ್ತಿಯನ್ನು 2012ರಲ್ಲಿ ಯಾರಿಗೂ ಕೊಡಲಿಲ್ಲವೇಕೆ, ತೀರ್ಪುಗಾರರಿಗೆ ಆ ವರ್ಷ ಒಂದು ಪುಸ್ತಕವೂ ಹಿಡಿಸಲಿಲ್ಲವೇ ಎಂದು ಕೇಳಿದ್ದೀರಿ. ಅವರಿಗೆ ಮೂರು ಪುಸ್ತಕಗಳು ಹಿಡಿಸಿದ್ದವು. ಆದರೆ ಅವುಗಳಲ್ಲಿ ಒಂದನ್ನು ಆರಿಸುವ ಅಧಿಕಾರ ಅವರಿಗಿರಲಿಲ್ಲ.

ಲೇಖಕರು, ವಿಮರ್ಶಕರು, ಅಧ್ಯಾಪಕರಿಂದ ಕೂಡಿದ ಸಣ್ಣ ತೀರ್ಪುಗಾರರ ಸಮಿತಿಯೊಂದು ಸ್ಪರ್ಧೆಗೆ ಬಂದ ಪುಸ್ತಕಗಳನ್ನು ಓದಿ, ಸೋಸಿ, ಮೂರನ್ನು ಮಾತ್ರ, ಯಾವುದು ಮೇಲು ಎಂದು ಹೇಳದೆ, ಪುಲಿಟ್ಜರ್ ಮಂಡಳಿಗೆ ಶಿಫಾರಸು ಮಾಡುತ್ತದೆ. ಪತ್ರಕರ್ತರೂ ಸಂಪಾದಕರೂ ಹೆಚ್ಚಾಗಿರುವ ಮಂಡಳಿಯು ಅವುಗಳ ಬಗ್ಗೆ ಗೋಪ್ಯವಾಗಿ ಚರ್ಚಿಸಿ ಮತ ಹಾಕುತ್ತದೆ. ಯಾವ ಕೃತಿಗೂ ಬಹುಮತ ಬಾರದಿದ್ದರೆ ಆ ವರ್ಷ ಪ್ರಶಸ್ತಿಯನ್ನು ತಡೆಹಿಡಿಯಬಹುದು.

2012ರಲ್ಲಿ ಆದದ್ದು ಇದೇ. ಕಾದಂಬರಿಕಾರ ಮೈಕೆಲ್ ಕನಿಂಗ್‌ಹ್ಯಾಮ್ ಸೇರಿದಂತೆ ಮೂವರು ತೀರ್ಪುಗಾರರು ಸುಮಾರು 300 ಪುಸ್ತಕಗಳನ್ನು ಓದಿ, ಡೆನಿಸ್ ಜಾನ್ಸನ್, ಕ್ಯಾರೆನ್ ರಸೆಲ್ ಹಾಗೂ 2008ರಲ್ಲಿ ತೀರಿಕೊಂಡಿದ್ದ ಡೇವಿಡ್ ಫಾಸ್ಟರ್ ವಾಲೇಸ್ ಅವರ ಕೃತಿಗಳನ್ನು ಮುಂದಿಟ್ಟಿದ್ದರು. ಮಂಡಳಿಯಲ್ಲಿ ಯಾವುದಕ್ಕೂ ಬಹುಮತ ಸಿಗಲಿಲ್ಲ. 1974ರ ಸಂಗತಿ ಇನ್ನೂ ಕಟುವಾದದ್ದು: ತೀರ್ಪುಗಾರರು ಒಮ್ಮತದಿಂದ ಸೂಚಿಸಿದ್ದ ಥಾಮಸ್ ಪಿಂಚನ್ ಅವರ ಕಾದಂಬರಿಯನ್ನೇ ಮಂಡಳಿ ತಳ್ಳಿಹಾಕಿತು.

ಈ ವ್ಯವಸ್ಥೆ ನನಗೆ ಸರಿಕಾಣುವುದಿಲ್ಲ. ಮುನ್ನೂರು ಪುಸ್ತಕಗಳನ್ನು ಓದಿದವರಿಗೆ ಈ ಮೂರು ಯಾವುದನ್ನು ಮೀರಿ ಬಂದವು ಎಂಬ ಅಂದಾಜು ಇರುತ್ತದೆ. ಆ ಮೂರನ್ನಷ್ಟೇ ಎದುರಿಗಿಟ್ಟುಕೊಂಡವರಿಗೆ ಅದು ದಕ್ಕುವುದು ಕಷ್ಟ. ಅಮೆರಿಕದ್ದೇ ಆದ ನ್ಯಾಷನಲ್ ಬುಕ್ ಅವಾರ್ಡ್‌ನಲ್ಲಿ ಹತ್ತು ಕೃತಿಗಳ ಪಟ್ಟಿ ಮಾಡಿ, ಅದನ್ನು ಐದಕ್ಕಿಳಿಸಿ, ವಿಜೇತರನ್ನು ತೀರ್ಮಾನಿಸುವವರು ಒಂದೇ ತೀರ್ಪುಗಾರರ ತಂಡದವರು. ಓದಿದವರೇ ನಿರ್ಧರಿಸುವ ಈ ಕ್ರಮವೇ ನನಗೆ ಹೆಚ್ಚು ನ್ಯಾಯವಾದದ್ದು.

ಹಾಗೆಂದು ಪುಲಿಟ್ಜರ್ ಮಂಡಳಿಗೆ ಪ್ರಶಸ್ತಿ ತಡೆಹಿಡಿಯುವುದೊಂದೇ ದಾರಿಯೆಂದು ತಿಳಿಯಬೇಡಿ. ಮೂರರಲ್ಲಿ ಯಾವುದೂ ಗೆಲ್ಲದಿದ್ದಾಗ ಇನ್ನೊಂದು ಹೆಸರನ್ನು ಕೊಡಿ ಎಂದು ಅದು ತೀರ್ಪುಗಾರರನ್ನು ಕೇಳಬಹುದು. 2025ರಲ್ಲಿ ಪರ್ಸಿವಲ್ ಎವರೆಟ್ ಅವರ ‘ಜೇಮ್ಸ್’ ಗೆದ್ದದ್ದು ಹೀಗೆಯೇ. ಸಾಮಾನ್ಯವಾಗಿ ವಿಜೇತ ಕೃತಿಯ ಜೊತೆಗೆ ಅಂತಿಮ ಸುತ್ತಿನ ಇನ್ನೆರಡು ಹೆಸರುಗಳು ಪ್ರಕಟವಾಗುತ್ತವೆ. ಆ ವರ್ಷದ ಪಟ್ಟಿಯಲ್ಲಿ ವಿಜೇತ ಕೃತಿಯಲ್ಲದೆ ಮೂರು ಹೆಸರುಗಳಿರುವುದಕ್ಕೆ ಇದೇ ಕಾರಣ.