ಕಾಗದ ಇಲ್ದಿದ್ರೆ ಹಕ್ಕೂ ಇಲ್ವಾ?

ಪ್ರಶ್ನೆ: ನಮ್ಮ ಮೂಡಿಗೆರೆ ಕಡೆ ಕಾಫಿ ತೋಟಕ್ಕೆ ಬರೋ ಕೂಲಿಯವರಲ್ಲಿ ಕೆಲವ್ರ ಹತ್ರ ಕಾಗದಾನೇ ಇಲ್ಲ. ಗಡಿ ದಾಟಿ ಕದ್ದು ಬಂದೋರಿಗೂ ಹಕ್ಕು ಅಂತ ಇರುತ್ತಾ?
– ಒಬ್ಬ ಓದುಗ, ಚಿಕ್ಕಮಗಳೂರು

ಉತ್ತರ: ಇರುತ್ತೆ ಮಾರಾಯ್ರೇ, ಆದ್ರೆ ಇಲ್ಲೇ ಉಳ್ಕೊಳೋ ಹಕ್ಕಲ್ಲ. ಯಾರನ್ನ ಒಳಗೆ ಬಿಡ್ಬೇಕು ಅನ್ನೋದು ಆಯಾ ದೇಶಕ್ಕೆ ಬಿಟ್ಟಿದ್ದು, ಅಂತಾರಾಷ್ಟ್ರೀಯ ಕಾನೂನೂ ಅದನ್ನ ಒಪ್ಪುತ್ತೆ, ಹಾಗಂತ ಸಿಕ್ಕಿದೋರನ್ನ ಬಡಿದು ಓಡ್ಸೋ ಹಾಗಿಲ್ಲ, ದೇಶದಲ್ಲಿ ಓಡಾಡೋ, ನೆಲೆಸೋ ಸ್ವಾತಂತ್ರ್ಯ ಕೊಡೋ ನಮ್ಮ ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಮಾತ್ರ ಆದ್ರೂ ಜೀವ ಕಾಪಾಡೋ 21ನೇ ವಿಧಿಲಿ ಇರೋದು 'ವ್ಯಕ್ತಿ' ಅನ್ನೋ ಪದ, 'ನಾಗರಿಕ' ಅಂತಲ್ಲ, 1996ರಲ್ಲಿ ಈಗಿನ ಬಾಂಗ್ಲಾದೇಶದ ಕಡೆಯಿಂದ ಅರುಣಾಚಲಕ್ಕೆ ಬಂದು ನೆಲೆಸಿದ್ದ ಚಕ್ಮಾ ನಿರಾಶ್ರಿತರ ಕೇಸಲ್ಲಿ ಸುಪ್ರೀಂ ಕೋರ್ಟ್ ಕೂಡ ನಾಗರಿಕ ಆಗಿರ್ಲಿ ಬಿಡ್ಲಿ ಜೀವ ಕಾಪಾಡೋದು ಸರ್ಕಾರದ ಹೊಣೆ ಅಂತು. ಇನ್ನು ಹಣ್ಣು ಕೊಯ್ಯಿಸ್ಕೊಂಡು, ಶನಿವಾರ ಬಟವಾಡೆ ಕೇಳಿದ್ರೆ 'ಪೊಲೀಸಿಗೆ ಹೇಳ್ಲಾ?' ಅನ್ನೋ ಮಾಲೀಕರಿದ್ದಾರಲ್ಲ, ಅವ್ರು ದೇಶ ಕಾಯ್ತಿಲ್ಲ, ಕೂಲಿ ಉಳಿಸ್ತಿದ್ದಾರೆ ಅಷ್ಟೇ.